9 ವರ್ಷದ ಮಗಳ ಮಂಡಿಯಲ್ಲಿ ‘ಡಿಸ್ಕಾಯ್ಡ್ ಮೆನಿಸ್ಕಸ್’: ಆಪರೇಷನ್ ಬೇಕೇ, ಕಾಯಬಹುದೇ?

ಕುಂದಾಪುರದವ · ಸೋಮವಾರ, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಇಲ್ಲಿ ಅಡಿಕೆ ಧಾರಣೆ, ಕಾರಿನ ಮೈಲೇಜು ಎಂದು ಹರಟಿದವನು ನಾನು. ಇಂದು ತಲೆಬಿಸಿ ಬೇರೆ.

ಮಗಳಿಗೆ 9 ವರ್ಷ. ಎರಡು ವರ್ಷದಿಂದ ಮಕ್ಕಳ ಯಕ್ಷಗಾನ ತರಗತಿಗೆ ಹೋಗುತ್ತಿದ್ದಾಳೆ, ಉತ್ತರದ ಶೈಲಿಯಾದ ಬಡಗುತಿಟ್ಟು. ಕಳೆದ ವರ್ಷವೇ ಅವಳ ಎಡ ಮಂಡಿಯಿಂದ ‘ಟಕ್’ ಎಂಬ ಶಬ್ದ ಬರುತ್ತಿತ್ತು. ಜಗಲಿಯಲ್ಲಿ ಮಡಿಸಿ ಬಿಡಿಸಿದರೆ ಅಡುಗೆಮನೆಯಲ್ಲಿದ್ದವರಿಗೂ ಕೇಳುವಷ್ಟು. ನೋವಿರಲಿಲ್ಲ. ಗೆಳತಿಯರಿಗೆ ಅದನ್ನು ಆಟದಂತೆ ತೋರಿಸುತ್ತಿದ್ದಳು, ನಾವೂ ನಕ್ಕು ಸುಮ್ಮನಾದೆವು. ದೀಪಾವಳಿಯ ನಂತರ ನೋವು ಶುರುವಾಯಿತು, ಎರಡು ಸಲ ಊದಿಕೊಂಡಿತು. ಎಂಆರ್‌ಐ ಮಾಡಿಸಿದೆವು. ‘ಹೊರಬದಿಯ ಡಿಸ್ಕಾಯ್ಡ್ ಮೆನಿಸ್ಕಸ್, ಕಂಪ್ಲೀಟ್ ಮಾದರಿ’ ಎಂದು ವರದಿ. ಮೆನಿಸ್ಕಸ್ ಎಂದರೆ ಮಂಡಿಯ ಮೂಳೆಗಳ ನಡುವಿನ ಮೆತ್ತೆಯಂತೆ, ಇವಳದು ಬಿಲ್ಲೆಯ ಆಕಾರದ್ದಂತೆ.

ಮೊದಲು ನೋಡಿದ ಮೂಳೆ ವೈದ್ಯರು ತಿಂಗಳೊಳಗೆ ಆಪರೇಷನ್ ಮಾಡಿಸಿ ಎಂದರು. ಇನ್ನೊಬ್ಬರು ‘ಹುಟ್ಟಿನಿಂದ ಬಂದ ಆಕಾರ ಅಷ್ಟೇ, ಕುಣಿತ ಬಿಡಿಸಿ, ಕಾದು ನೋಡಿ’ ಎಂದರು. ಅಮ್ಮನ ಲೆಕ್ಕದಲ್ಲಿ ಇದಕ್ಕೆಲ್ಲ ಕಾರಣ ಗ್ರಹಣದ ದಿನ ನನ್ನ ಹೆಂಡತಿ ಬಸುರಿಯಾಗಿದ್ದಾಗ ಸೌತೆಕಾಯಿ ಹೆಚ್ಚಿದ್ದು. ಮನೆಯಲ್ಲಿ ಮೂವರದು ಮೂರು ದಿಕ್ಕು. ಯಾರಿಗಾದರೂ ಅನುಭವವಿದೆಯೇ?

ಚೆಂಡೆಮದ್ದಳೆ · ರಾತ್ರಿ 10:34

ಅನುಭವವಿಲ್ಲ, ಆದರೆ ಒಂದು ಮಾತು. ಒಂಬತ್ತು ವರ್ಷದ ಮಗುವಿನ ಕೈಯಲ್ಲಿ ಮಂಡಿ ಹಾಕಿಸುವುದು ಯಾರ ಬುದ್ಧಿ? ಗಟ್ಟಿ ನೆಲದ ಮೇಲೆ ಮೊಣಕಾಲೂರಿ ಸುತ್ತು ಹೊಡೆಯುವುದು, ಕೆಳಗಿನಿಂದ ಶಿಳ್ಳೆ. ಕುಣಿತ ಎಂದರೆ ಅಷ್ಟೇ ಎಂದುಕೊಂಡುಬಿಟ್ಟಿದ್ದಾರೆ.

ಲೆಕ್ಕಪತ್ರ · ರಾತ್ರಿ 10:41

ಆಪರೇಷನ್ ಎಂದವರ ಮಾತನ್ನು ಹತ್ತು ಸಲ ಯೋಚಿಸಿ. ಮಂಡಿಯ ದೂರ್ಬೀನು ಆಪರೇಷನ್ (ಆರ್ತ್ರೋಸ್ಕೋಪಿ, ಸಣ್ಣ ತೂತಿನಿಂದ ನಳಿಕೆ ಇಳಿಸಿ ಮಾಡುವುದು) ಬಹುಪಾಲು ವ್ಯಾಪಾರ. 2013ರಲ್ಲಿ ಫಿನ್ಲೆಂಡಿನಲ್ಲಿ 146 ಜನರ ಮೇಲೆ ಪ್ರಯೋಗ ಮಾಡಿದ್ದಾರೆ. ಅರ್ಧ ಜನಕ್ಕೆ ನಿಜವಾಗಿ ಮೆನಿಸ್ಕಸ್ ಕತ್ತರಿಸಿದರು. ಉಳಿದರ್ಧಕ್ಕೆ ಚರ್ಮ ಕೊಯ್ದು, ಒಳಗೆ ಏನೂ ಮಾಡದೆ ಹೊಲಿದರು. ಒಂದು ವರ್ಷ ಕಳೆದ ಮೇಲೆ ಇಬ್ಬರ ನೋವಿನಲ್ಲೂ ಗಮನಿಸುವಂಥ ವ್ಯತ್ಯಾಸವಿರಲಿಲ್ಲ. ನಾನು ಇದನ್ನು ಓದಿಯೇ ನನ್ನ ಮಂಡಿಯ ಆಪರೇಷನ್ ಬಿಟ್ಟೆ. ಈಗ ವ್ಯಾಯಾಮದಲ್ಲಿ ಆರಾಮಾಗಿದ್ದೇನೆ.

ಎಲುಬುಗೂಡು · ರಾತ್ರಿ 11:15

ಹುಬ್ಬಳ್ಳಿಯಲ್ಲಿ ಮೂಳೆ ವಿಭಾಗದ ಪಿಜಿ, ಮೂರನೇ ವರ್ಷ. ಡ್ಯೂಟಿ ಮುಗಿಸಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹಿರಿಯರು ತಿದ್ದಲಿ.

ಲೆಕ್ಕಪತ್ರ ಸರ್, ನೀವು ಹೇಳಿದ ಅಧ್ಯಯನ ನಿಜ. ಆದರೆ ಅದರಲ್ಲಿ ಇದ್ದವರು 35ರಿಂದ 65 ವರ್ಷದವರು, ಸವೆದು ಹರಿದ ಒಳಬದಿಯ ಮೆನಿಸ್ಕಸ್‌ನವರು. ಹಳೆಯ ಟೈರ್ ಸವೆದದ್ದಕ್ಕೂ ಕಾರ್ಖಾನೆಯಿಂದಲೇ ಬೇರೆ ಅಚ್ಚಿನಲ್ಲಿ ಬಂದ ಟೈರಿಗೂ ಒಂದೇ ತೀರ್ಪು ಕೊಡಲಾಗುವುದಿಲ್ಲ.

ಕುಂದಾಪುರದ ಸರ್, ಮೊದಲು ಒಳಗೆ ಏನಿದೆ ಎಂದು ಹೇಳುತ್ತೇನೆ. ತೊಡೆಯ ಮೂಳೆಯ ತುದಿ ಗುಂಡಗೆ, ಕಾಲಿನ ಮೂಳೆಯ ಮೇಲ್ಭಾಗ ಹೆಚ್ಚುಕಡಿಮೆ ಚಪ್ಪಟೆ. ಗುಂಡು ತಳದ ಕೊಡವನ್ನು ಬರಿಯ ನೆಲದ ಮೇಲಿಟ್ಟರೆ ನಿಲ್ಲುತ್ತದೆಯೇ? ಕೆಳಗೆ ಸಿಂಬೆ ಬೇಕು. ಮೆನಿಸ್ಕಸ್ ಆ ಸಿಂಬೆ. ಒಳಬದಿಗೊಂದು, ಹೊರಬದಿಗೊಂದು. ಹೊರ ಅಂಚು ದಪ್ಪ, ನಡುವಿನ ಕಡೆ ತೆಳು, ಮಧ್ಯದಲ್ಲಿ ಖಾಲಿ. ಭಾರವನ್ನು ಅಗಲಕ್ಕೆ ಹಂಚುವುದು ಅದರ ಕೆಲಸ. ಕೆಲವರಿಗೆ ಹುಟ್ಟುವಾಗಲೇ ಆ ಖಾಲಿ ಜಾಗವೂ ತುಂಬಿಕೊಂಡು, ಸಿಂಬೆಯ ಬದಲು ದಪ್ಪನೆಯ ಬಿಲ್ಲೆ ಇರುತ್ತದೆ. ಅದೇ ಡಿಸ್ಕಾಯ್ಡ್. ಹೆಚ್ಚಾಗಿ ಹೊರಬದಿಯಲ್ಲೇ, ಒಳಬದಿಯಲ್ಲಿ ಬಹಳ ಅಪರೂಪ. 1889ರಲ್ಲಿ ಯಂಗ್ ಎಂಬವರು ಶವದ ಮಂಡಿಯಲ್ಲಿ ನೋಡಿ ಬರೆದದ್ದು ಮೊದಲ ದಾಖಲೆ. ಎಷ್ಟೋ ಜನ ಇದನ್ನು ಇಟ್ಟುಕೊಂಡೇ ಮುದುಕರಾಗುತ್ತಾರೆ, ಗೊತ್ತೇ ಆಗುವುದಿಲ್ಲ. ಅಂಥವರ ಮಂಡಿಯನ್ನು ಮುಟ್ಟಬಾರದು. ಆದ್ದರಿಂದ ಆಕಾರ ಹೀಗಿದೆ ಎಂಬುದೊಂದೇ ಕಾರಣಕ್ಕೆ ಆಪರೇಷನ್ ಇಲ್ಲ.

ನನಗೆ ಬೇಕಾದ ಮಾಹಿತಿ ಬೇರೆ. ಮಂಡಿ ಪೂರ್ತಿ ನೆಟ್ಟಗಾಗುತ್ತದೆಯೇ? ಎಂದಾದರೂ ಸಿಕ್ಕಿಹಾಕಿಕೊಂಡು ಮಡಿಸಲು, ಬಿಡಿಸಲು ಆಗದೆ ನಿಂತಿದ್ದಿದೆಯೇ?

ಗ್ರಹಣದ ಬಗ್ಗೆ ಅಮ್ಮನಿಗೆ ಹೇಳಿ. ಗರ್ಭದಲ್ಲಿ ಎಲ್ಲ ಮಕ್ಕಳಿಗೂ ಮೊದಲು ಬಿಲ್ಲೆಯಿದ್ದು ಆಮೇಲೆ ನಡು ಕರಗುತ್ತದೆ, ಇವರಲ್ಲಿ ಅದು ಅರ್ಧಕ್ಕೇ ನಿಂತುಹೋಯಿತು ಎಂದು 1948ರಲ್ಲಿ ಸ್ಮಿಲಿ ಎಂಬ ದೊಡ್ಡ ಸರ್ಜನ್ ಹೇಳಿದ್ದರು. 1957ರಲ್ಲಿ ಕ್ಯಾಪ್ಲನ್ ಭ್ರೂಣಗಳನ್ನೇ ಪರೀಕ್ಷಿಸಿ, ಯಾವ ಹಂತದಲ್ಲೂ ಮಾಮೂಲಿ ಮೆನಿಸ್ಕಸ್ ಬಿಲ್ಲೆಯಾಗಿರುವುದಿಲ್ಲ ಎಂದು ತೋರಿಸಿದರು. ಸರ್ಜನ್ನರ ಕಥೆಯೇ ನಿಲ್ಲಲಿಲ್ಲ, ಸೌತೆಕಾಯಿ ಎಲ್ಲಿ ನಿಂತೀತು.

ಕುಂದಾಪುರದವ · ರಾತ್ರಿ 11:22

ಡಾಕ್ಟರೇ, ಸಿಂಬೆ ಎಂದದ್ದು ಅಮ್ಮನಿಗೆ ಚೆನ್ನಾಗಿ ಅರ್ಥವಾಯಿತು. ಸೌತೆಕಾಯಿಯನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ನೆಟ್ಟಗಾಗುತ್ತದೆ ಎಂದೇ ನಮ್ಮ ಭಾವನೆ. ನಡೆಯುತ್ತಾಳೆ, ಶಾಲೆಗೆ ಹೋಗುತ್ತಾಳೆ.

ಎಲುಬುಗೂಡು · ರಾತ್ರಿ 11:30

ಭಾವನೆ ಬೇಡ, ಅಳೆಯಿರಿ. ನಾಳೆ ಅವಳನ್ನು ಮಂಚದ ಮೇಲೆ ಬೋರಲು ಮಲಗಿಸಿ, ಮಂಡಿಯಿಂದ ಕೆಳಗಿನ ಭಾಗ ಮಂಚದಾಚೆ ಇಳಿಬಿದ್ದಿರಲಿ. ಕಾಲು ಸಡಿಲ ಬಿಡಲು ಹೇಳಿ. ಎರಡು ಹಿಮ್ಮಡಿಯೂ ಒಂದೇ ಮಟ್ಟದಲ್ಲಿದೆಯೇ ನೋಡಿ.

ಗಿರಿಜಕ್ಕ ತೀರ್ಥಹಳ್ಳಿ · ಮಂಗಳವಾರ, ಬೆಳಿಗ್ಗೆ 6:05

ಇಷ್ಟೆಲ್ಲ ಯಾಕಪ್ಪ ತಮ್ಮಾ, ನಮ್ಮ ಕಡೆ ನಾಟಿ ವೈದ್ಯರಿದ್ದಾರೆ. ಎಣ್ಣೆ ಕಾಯಿಸಿ ಹಚ್ಚಿ, ಕಾಲನ್ನು ಒಂದು ಸಲ ಸರಿಯಾಗಿ ಎಳೆದರೆ ‘ಟಕ್’ ಎಂದು ಕೂರುತ್ತದೆ. ನಮ್ಮ ಭಾವನ ಮಗನಿಗೆ ಹಾಗೆಯೇ ಆಯಿತು.

ಶಾಂತಲಾ ಫಿಸಿಯೋ · ಬೆಳಿಗ್ಗೆ 7:12

ಗಿರಿಜಕ್ಕ, ಎಣ್ಣೆ ಹಚ್ಚಲಿ, ಬೇಡ ಎನ್ನುವುದಿಲ್ಲ. ಎಳೆಯುವುದು ಮಾತ್ರ ಬೇಡವೇ ಬೇಡ. ನೆಟ್ಟಗಾಗದ ಮಂಡಿಯ ಒಳಗೆ ಏನೋ ಅಡ್ಡ ಕೂತಿರುತ್ತದೆ. ಬಾಗಿಲ ಸಂದಿಯಲ್ಲಿ ಚಪ್ಪಲಿ ಸಿಕ್ಕಿಕೊಂಡಾಗ ಬಾಗಿಲನ್ನೇ ಜೋರಾಗಿ ತಳ್ಳಿದಂತಾಗುತ್ತದೆ. ಚಪ್ಪಲಿಯಾದರೂ ಹರಿಯುತ್ತದೆ, ಬಾಗಿಲಾದರೂ ಕಿತ್ತು ಬರುತ್ತದೆ.

ದಾವಣಗೆರೆ ಬೆಣ್ಣೆ · ಬೆಳಿಗ್ಗೆ 8:40

ನನ್ನದೂ ಒಂದು ಪ್ರಶ್ನೆ ಸೇರಿಸುತ್ತೇನೆ. ಸ್ಕೂಟರಿನಿಂದ ಬಿದ್ದು ಎಂಆರ್‌ಐ ಮಾಡಿಸಿದ್ದೆ. ‘ರಿಸ್ಬರ್ಗ್ ಲಿಗಮೆಂಟ್ ಕಾಣುತ್ತದೆ’ ಎಂದು ಬರೆದಿದ್ದಾರೆ. ಹುಡುಕಿದರೆ ರಿಸ್ಬರ್ಗ್ ಎಂಬುದು ಡಿಸ್ಕಾಯ್ಡ್‌ನಲ್ಲೇ ಕೆಟ್ಟ ಮಾದರಿಯಂತೆ. ಎರಡು ರಾತ್ರಿಯಿಂದ ನಿದ್ದೆಯಿಲ್ಲ.

ಎಲುಬುಗೂಡು · ಬೆಳಿಗ್ಗೆ 9:02

ಇಂದು ರಾತ್ರಿ ನಿದ್ದೆ ಮಾಡಿ. ರಿಸ್ಬರ್ಗ್ ಎಂಬವರು 18ನೇ ಶತಮಾನದ ಜರ್ಮನ್ ಅಂಗರಚನಾ ಶಾಸ್ತ್ರಜ್ಞ. ಹೊರ ಮೆನಿಸ್ಕಸ್‌ನ ಹಿಂದಿನ ತುದಿಯಿಂದ ತೊಡೆಮೂಳೆಗೆ ಹೋಗುವ ಒಂದು ಎಳೆಗೆ ಅವರ ಹೆಸರಿದೆ. ಅದರ ಮುಂದೆ ಇರುವ ಜೊತೆಗಾರ ಎಳೆಗೆ ಹಂಫ್ರಿ ಎಂದು ಹೆಸರು. ಕೆಲವರಿಗೆ ಎರಡೂ ಇರುತ್ತವೆ, ಕೆಲವರಿಗೆ ಒಂದು. ಮಾಮೂಲಿ ಮಂಡಿಯಲ್ಲಿ ಕಾಣುವುದು ಮಾಮೂಲಿ ಸಂಗತಿ.

ರಿಸ್ಬರ್ಗ್ ‘ಮಾದರಿ’ ಎಂಬುದು ಬೇರೆಯೇ. ಜಪಾನಿನ ವತನಾಬೆ ಡಿಸ್ಕಾಯ್ಡನ್ನು ಮೂರು ಬಗೆ ಮಾಡಿದರು. ಮೂಳೆಯ ಮೇಲ್ಭಾಗವನ್ನು ಪೂರ್ತಿ ಮುಚ್ಚಿದ್ದು ಒಂದು, ಅರೆಬರೆ ಮುಚ್ಚಿದ್ದು ಇನ್ನೊಂದು. ಮೂರನೆಯದರಲ್ಲಿ ಹಿಂಬದಿಯನ್ನು ಕಾಲಿನ ಮೂಳೆಗೆ ಹಿಡಿದಿಡುವ ಕಟ್ಟೇ ಇಲ್ಲ, ಆ ರಿಸ್ಬರ್ಗ್ ಎಳೆ ಒಂದೇ ಆಧಾರ. ಹಿಂದಿನ ಹಗ್ಗ ಬಿಚ್ಚಿದ ದೋಣಿಯಂತೆ ಮೆನಿಸ್ಕಸ್ ಅತ್ತಿತ್ತ ಜಾರುತ್ತದೆ, ಮಂಡಿ ‘ಟಕ್’ ಎನ್ನುತ್ತದೆ. ಮೆನಿಸ್ಕಸ್ ಆಕಾರದಲ್ಲಿ ಮಾಮೂಲಿಯಾಗಿದ್ದರೂ ಹೀಗೆ ಜಾರಬಹುದು.

ಎಂಆರ್‌ಐ ವರದಿ ಓದಿ ಹೆದರುವವರಿಗೆ ಇನ್ನೊಂದು ಮಾತು. ಮೆನಿಸ್ಕಸ್‌ನ ಒಳ ಅಂಚು ಕೆಲವು ಸಲ ಸೀರೆಯ ನೆರಿಗೆಯಂತೆ ಅಲೆಯಲೆಯಾಗಿ ಕಾಣುತ್ತದೆ, ಅದು ಹರಿದದ್ದಲ್ಲ. ಹೊರ ಮೆನಿಸ್ಕಸ್‌ನ ಹಿಂಭಾಗದಲ್ಲಿ ಒಂದು ಸ್ನಾಯುರಜ್ಜು ಹಾದುಹೋಗಲು ಕಿಂಡಿ ಇರುತ್ತದೆ, ಅದೂ ಹರಿದದ್ದಲ್ಲ. ಈ ರಿಸ್ಬರ್ಗ್ ಎಳೆ ಮೆನಿಸ್ಕಸ್‌ಗೆ ಸೇರುವ ಜಾಗವೂ ಎಷ್ಟೋ ಸಲ ಬಿರುಕಿನಂತೆ ಕಂಡು ಮೋಸಮಾಡುತ್ತದೆ. ಮೊದಲ ವರ್ಷ ನಾನೇ ಎರಡು ಸಲ ಮೋಸಹೋಗಿ ಎಲ್ಲರೆದುರು ಬೈಸಿಕೊಂಡಿದ್ದೇನೆ.

ದಾವಣಗೆರೆ ಬೆಣ್ಣೆ · ಬೆಳಿಗ್ಗೆ 9:05

ಬದುಕಿಕೊಂಡೆ. ದಾವಣಗೆರೆಗೆ ಬಂದಾಗ ಒಂದು ಬೆಣ್ಣೆದೋಸೆ ನನ್ನ ಲೆಕ್ಕದಲ್ಲಿ.

ಲೆಕ್ಕಪತ್ರ · ಬೆಳಿಗ್ಗೆ 9:30

ಹಾಗಾದರೆ ಎಂಆರ್‌ಐ ನೋಡಿ ಡಿಸ್ಕಾಯ್ಡ್ ಎಂದು ಹೇಗೆ ಹೇಳುತ್ತಾರೆ? ಅದೂ ಮೋಸವಿರಬಹುದಲ್ಲ.

ಎಲುಬುಗೂಡು · ಮಧ್ಯಾಹ್ನ 2:10

ಒಳ್ಳೆಯ ಪ್ರಶ್ನೆ. ಎಂಆರ್‌ಐ ಎಂದರೆ ಮಂಡಿಯನ್ನು ಬ್ರೆಡ್ಡಿನಂತೆ ಹೋಳು ಹೋಳಾಗಿ ನೋಡುವುದು. ಪಕ್ಕದಿಂದ ನೋಡಿದ ಹೋಳುಗಳಲ್ಲಿ ಮೆನಿಸ್ಕಸ್‌ನ ಹೊರ ಅಂಚು ಡಮರುವಿನಂತೆ ಕಾಣುತ್ತದೆ, ಎರಡು ತುದಿ ದಪ್ಪ, ನಡು ಸಣ್ಣ. ಒಳಗೆ ಹೋದಂತೆ ನಡು ಕಡಿದುಹೋಗಿ ಎರಡು ತ್ರಿಕೋನ ಉಳಿಯಬೇಕು. 5 ಮಿಲಿಮೀಟರ್ ದಪ್ಪದ ಹೋಳುಗಳಲ್ಲಿ ಸತತ ಮೂರು ಅಥವಾ ಅದಕ್ಕಿಂತ ಹೆಚ್ಚು ಹೋಳುಗಳಲ್ಲಿ ಡಮರು ಕಡಿಯದೇ ಉಳಿದರೆ ಡಿಸ್ಕಾಯ್ಡ್ ಎಂದು ಹಿಡಿಯುತ್ತೇವೆ. ಕಂಪ್ಲೀಟ್ ಮಾದರಿಯಲ್ಲಿ ಅನುಮಾನಕ್ಕೆ ಹೆಚ್ಚು ಜಾಗವಿಲ್ಲ. ಅರೆಬರೆ ಮಾದರಿಯಲ್ಲಿ, ಜಾರುವ ಮಾದರಿಯಲ್ಲಿ ಎಂಆರ್‌ಐ ತಪ್ಪುವುದುಂಟು.

ಕಬಡ್ಡಿ84 · ಮಧ್ಯಾಹ್ನ 3:48

ಈ ಚರ್ಚೆ ಕಂಡು ಕೈ ಸುಮ್ಮನಿರಲಿಲ್ಲ. ನನ್ನ ಮಂಡಿಯ ಕಥೆ ಕೇಳಿ.

ಮಂಡ್ಯ ಜಿಲ್ಲೆಯವನು. 1984ರಲ್ಲಿ ನನಗೆ 16. ಕಾಲೇಜು ತಂಡದಲ್ಲಿ ಆಡುವಾಗ ಬಲ ಮಂಡಿ ಸಿಕ್ಕಿಹಾಕಿಕೊಂಡಿತು. ಆಗ ನಮ್ಮ ಕಡೆ ದೂರ್ಬೀನು ಆಪರೇಷನ್ ಎಂದರೆ ಯಾರಿಗೂ ತಿಳಿಯದು. ಮಂಡಿ ತೆರೆದು, ಮೆನಿಸ್ಕಸ್ಸನ್ನು ಇಡಿಯಾಗಿ ತೆಗೆದರು. ಬಾಟಲಿಯಲ್ಲಿ ಹಾಕಿ ಅಪ್ಪನಿಗೆ ತೋರಿಸಿದ್ದು ಕಣ್ಣಿಗೆ ಕಟ್ಟಿದಂತಿದೆ. ಬಲಿತ ಎಳನೀರಿನ ಗಂಜಿಯ ಹಾಗೆ ಬೆಳ್ಳಗೆ, ಬಿಲ್ಲೆಯಂತೆ ದುಂಡಗೆ. ‘ಹುಟ್ಟಿನಿಂದಲೇ ಹೀಗಿತ್ತು, ಬೇಡದ ವಸ್ತು, ತೆಗೆದುಹಾಕಿದೆವು’ ಎಂದರು. ಅಪ್ಪ ಕೈಮುಗಿದರು.

ಮೂರು ತಿಂಗಳಲ್ಲಿ ಮತ್ತೆ ಅಂಕಣಕ್ಕೆ ಇಳಿದೆ. ಹತ್ತು ವರ್ಷ ಏನೂ ಇಲ್ಲ. ಮೂವತ್ತೈದರ ಹೊತ್ತಿಗೆ ಸಂಜೆ ಸಂಜೆ ನೋವು. ನಲವತ್ತೈದಕ್ಕೆ ಬಲಗಾಲು ಹೊರಕ್ಕೆ ಸೊಟ್ಟಗಾಗಿ, ನಡೆದರೆ ಎರಡು ಮಂಡಿ ಒಂದಕ್ಕೊಂದು ತಾಗುತ್ತಿದ್ದವು. 56ಕ್ಕೆ ಮಂಡಿ ಬದಲಾಯಿಸಿಕೊಂಡೆ. ನನ್ನ ವಯಸ್ಸಿನ ಗೆಳೆಯರು ಇನ್ನೂ ಗದ್ದೆಯ ಬದುವಿನ ಮೇಲೆ ಓಡಾಡುತ್ತಾರೆ.

ಆಪರೇಷನ್ ಬೇಡ ಎನ್ನುತ್ತಿಲ್ಲ. ಎಷ್ಟು ತೆಗೆಯುತ್ತೀರಿ, ಎಷ್ಟು ಬಿಡುತ್ತೀರಿ ಎಂದು ಕೇಳದೆ ಸಹಿ ಹಾಕಬೇಡಿ.

ಎಲುಬುಗೂಡು · ಸಂಜೆ 5:20

ಸರ್, ನಿಮ್ಮ ಸರ್ಜನ್ ಆ ಕಾಲದ ಪಾಠವನ್ನೇ ಪಾಲಿಸಿದ್ದಾರೆ. ‘ಮೆನಿಸ್ಕಸ್ ಎಂದರೆ ಕಾಲಿನ ಯಾವುದೋ ಸ್ನಾಯುವಿನ ಕೆಲಸಕ್ಕೆ ಬಾರದ ಅವಶೇಷ’ ಎಂದು 1897ರಲ್ಲಿ ಬ್ಲಾಂಡ್ ಸಟನ್ ಬರೆದರು, ಆ ಮಾತು ಬಹಳ ಕಾಲ ನಡೆಯಿತು. ತಮಾಷೆ ಏನೆಂದರೆ, ಅದಕ್ಕೂ 14 ವರ್ಷ ಮೊದಲೇ, 1883ರಲ್ಲಿ ಎಡಿನ್‌ಬರೊದಲ್ಲಿ ಥಾಮಸ್ ಅನ್ನಂಡೇಲ್ ಒಬ್ಬ ಗಣಿ ಕಾರ್ಮಿಕನ ಮೆನಿಸ್ಕಸ್ಸನ್ನು ಕತ್ತರಿಸದೆ ಹೊಲಿದು ಕೂರಿಸಿದ್ದರು. ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 1948ರಲ್ಲಿ ಫೇರ್‌ಬ್ಯಾಂಕ್ ಎಂಬವರು ಮೆನಿಸ್ಕಸ್ ತೆಗೆಸಿಕೊಂಡವರ ಎಕ್ಸ್‌ರೇಗಳನ್ನು ಜೋಡಿಸಿ ತೋರಿಸಿದರು. ಮೂಳೆಗಳ ನಡುವಿನ ಜಾಗ ಕಿರಿದಾಗುತ್ತದೆ, ತೊಡೆಮೂಳೆಯ ಗುಂಡು ತುದಿ ಚಪ್ಪಟೆಯಾಗುತ್ತದೆ, ಅಂಚಿನಲ್ಲಿ ಮೂಳೆಯ ಏಣು ಬೆಳೆಯುತ್ತದೆ. ಸಿಂಬೆ ಕಿತ್ತರೆ ಕೊಡ ನೆಲಕ್ಕೆ ಉಜ್ಜುತ್ತದೆ, ಅಷ್ಟೇ.

ಹೊರ ಮೆನಿಸ್ಕಸ್ ಹೋದರೆ ಕಾಲು ಹೊರಕ್ಕೆ ಸೊಟ್ಟಗಾಗುವುದೂ ನೀವು ಹೇಳಿದ ಹಾಗೆಯೇ.

ಕಬಡ್ಡಿ84 · ಸಂಜೆ 5:31

1948ರಲ್ಲೇ ಗೊತ್ತಿತ್ತೇ? ನನ್ನದನ್ನು ಕಿತ್ತದ್ದು 1984ರಲ್ಲಿ.

ಎಲುಬುಗೂಡು · ಸಂಜೆ 5:33

ಇದಕ್ಕೆ ನನ್ನ ಬಳಿ ಉತ್ತರವಿಲ್ಲ ಸರ್.

ಕುಂದಾಪುರದವ · ರಾತ್ರಿ 8:55

ಅಳೆದೆವು. ಹಗ್ಗದ ಮಂಚ ಬೇಡವೆಂದು ಊಟದ ಮೇಜಿನ ಮೇಲೆ ಚಾಪೆ ಹಾಸಿ ಮಲಗಿಸಿದೆವು. ಹೆಂಡತಿ ಬೆನ್ನ ಮೇಲೆ ಕೈಯಿಟ್ಟು ‘ಸಡಿಲ ಬಿಡು, ಸಡಿಲ ಬಿಡು’ ಎನ್ನುತ್ತಿದ್ದಳು. ಬಲ ಹಿಮ್ಮಡಿ ಕೆಳಗಿಳಿಯಿತು, ಎಡದ್ದು ಇಳಿಯಲಿಲ್ಲ. ನನ್ನ ಕೈಯ ಮೂರು ಬೆರಳು ಸೇರಿಸಿದಷ್ಟು ವ್ಯತ್ಯಾಸ. ಮೇಲಿನಿಂದ ಬೆರಳಲ್ಲಿ ಸ್ವಲ್ಪ ಒತ್ತಿದೆ, ‘ಅಪ್ಪಾ’ ಎಂದಳು, ಬಿಟ್ಟೆ.

ಆಮೇಲೆ ಹಳೆಯ ಮೊಬೈಲ್ ವೀಡಿಯೊಗಳನ್ನು ತೆಗೆದು ನೋಡಿದೆವು. ನವರಾತ್ರಿಯ ಪ್ರದರ್ಶನದಲ್ಲಿ ಅಭಿಮನ್ಯುವಾಗಿ ನಿಂತಿದ್ದಾಳೆ, ಎಡಗಾಲು ಆಗಲೇ ತುಸು ಬಗ್ಗಿದೆ. ಅದು ಪಾತ್ರದ ನಿಲುವು ಎಂದುಕೊಂಡು ಚಪ್ಪಾಳೆ ಹೊಡೆದಿದ್ದೇವೆ. ಶಾಲೆಯ ಮೆಟ್ಟಿಲು ಹತ್ತುವಾಗ ಒಂದೇ ಕಾಲು ಮುಂದಿಡುತ್ತಾಳೆ ಎಂದು ಟೀಚರ್ ಒಮ್ಮೆ ಹೇಳಿದ್ದು ಈಗ ನೆನಪಾಗುತ್ತಿದೆ.

ಎಲುಬುಗೂಡು · ರಾತ್ರಿ 9:40

ಒಂಬತ್ತು ವರ್ಷದ ಮಗುವಿನ ಕಾಲಿಗೆ ಮೂರು ಬೆರಳೆಂದರೆ ಸುಮಾರು ಎಂಟು ಹತ್ತು ಡಿಗ್ರಿ. ಬಿಲ್ಲೆಯ ದಪ್ಪ ಭಾಗ ಮುಂದೆ ಸರಿದು ಅಡ್ಡಗಟ್ಟಿರಬಹುದು. ನೋವು, ಊತ, ಜೊತೆಗೆ ನೆಟ್ಟಗಾಗದಿರುವುದು, ಮೂರೂ ಇದ್ದರೆ ‘ಕಾದು ನೋಡಿ’ ಎನ್ನಲು ಹೆಚ್ಚಿನವರು ಒಪ್ಪಲಾರರು. ಎರಡನೇ ವೈದ್ಯರು ಬರಿಯ ಶಬ್ದದ ಬಗ್ಗೆ ಕೇಳಿದ್ದರೆ ಅವರ ಮಾತೂ ಸರಿಯೇ. ಈ ಅಳತೆಯೊಂದಿಗೆ ಮತ್ತೆ ತೋರಿಸಿ. ಆದಷ್ಟು ಮಕ್ಕಳ ಮಂಡಿಯನ್ನು ನೋಡಿ ಅಭ್ಯಾಸವಿರುವ ಸರ್ಜನ್ ಇರಲಿ.

ಲೆಕ್ಕಪತ್ರ · ರಾತ್ರಿ 9:58

ಆಪರೇಷನ್ ಮಾಡಿದರೆ ಏನು ಮಾಡುತ್ತಾರೆ? ಮಂಡ್ಯದ ಯಜಮಾನರ ಹಾಗೆ ಆಗುವುದಿಲ್ಲ ಎಂಬುದಕ್ಕೆ ಏನು ಖಾತ್ರಿ? ವಾದಕ್ಕೆ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಎಲುಬುಗೂಡು · ರಾತ್ರಿ 10:35

ಖಾತ್ರಿ ಎಂಬ ಮಾತನ್ನು ನಮ್ಮಲ್ಲಿ ಯಾರೂ ಆಡಬಾರದು. ಆದರೆ ಈಗ ಮಾಡುವ ಕೆಲಸ ಬೇರೆ. ಅದಕ್ಕೆ ‘ಸಾಸರೈಸೇಷನ್’ ಎನ್ನುತ್ತಾರೆ. ಬಿಲ್ಲೆಯ ನಡುವನ್ನು ಮಾತ್ರ ಕೆತ್ತಿ ಮತ್ತೆ ಸಿಂಬೆಯ ಆಕಾರಕ್ಕೆ ತರುವುದು. ಸುತ್ತ 6ರಿಂದ 8 ಮಿಲಿಮೀಟರ್ ಅಂಚು ಬಿಡುತ್ತಾರೆ. ಕಡಿಮೆ ಬಿಟ್ಟರೆ ಭಾರ ಹೊರುವುದಿಲ್ಲ, ಹೆಚ್ಚು ಬಿಟ್ಟರೆ ದಪ್ಪ ಅಂಚು ಮತ್ತೆ ಹರಿಯುತ್ತದೆ.

ಕೆತ್ತಿದ ಮೇಲೆ ಕೆಲಸ ಮುಗಿಯಿತೆಂದು ಹೊರಬರುವಂತಿಲ್ಲ. ಕೊಕ್ಕೆಯಿಂದ ಅಂಚನ್ನು ಎಳೆದು ನೋಡಬೇಕು, ಮುಂದೆ, ಪಕ್ಕ, ಹಿಂದೆ. ಎಲ್ಲಾದರೂ ಸಡಿಲವಿದ್ದರೆ ಹೊಲಿಯಬೇಕು. ಹೊಲಿದರೆ ಕೂಡಿಕೊಳ್ಳಲು ರಕ್ತ ಬೇಕು. ದೊಡ್ಡವರ ಮೆನಿಸ್ಕಸ್‌ನಲ್ಲಿ ಹೊರ ಅಂಚಿನ ಶೇಕಡಾ 10ರಿಂದ 30ರಷ್ಟು ಭಾಗಕ್ಕೆ ಮಾತ್ರ ರಕ್ತನಾಳಗಳಿವೆ. ಹುಟ್ಟಿದ ಮಗುವಿಗೆ ಇಡೀ ಮೆನಿಸ್ಕಸ್‌ಗೆ ರಕ್ತವಿರುತ್ತದೆ, ಹತ್ತು ವರ್ಷದ ಹೊತ್ತಿಗೆ ಅದು ಅಂಚಿಗೆ ಸರಿದು ದೊಡ್ಡವರಂತೆಯೇ ಆಗುತ್ತದೆ. ಸಡಿಲವಾಗುವುದು ಅಂಚೇ ಆದ್ದರಿಂದ ಹೊಲಿಗೆ ಹಿಡಿಯುವ ಅವಕಾಶ ಚೆನ್ನಾಗಿದೆ.

ಸರ್ಜನ್ನರನ್ನು ‘ಎಷ್ಟು ಅಂಚು ಬಿಡುತ್ತೀರಿ? ಸಡಿಲವಿದ್ದರೆ ಅದೇ ಸಲ ಹೊಲಿಯುತ್ತೀರಾ?’ ಎಂದು ಕೇಳಿ. ಈ ಪ್ರಶ್ನೆಗೆ ಸಿಡುಕಿದರೆ ಬೇರೆಯವರನ್ನು ನೋಡಿ.

ನಗೋಯಾ ಕನ್ನಡಿಗ · ಬುಧವಾರ, ಬೆಳಿಗ್ಗೆ 4:50

ಜಪಾನಿನಿಂದ. ಇಲ್ಲಿ ಇದು ಅಪರೂಪವೇನಲ್ಲ. ಪೂರ್ವ ಏಷ್ಯಾದವರಲ್ಲಿ, ಅಂದರೆ ಜಪಾನ್, ಕೊರಿಯಾ ಕಡೆ, ಪಾಶ್ಚಾತ್ಯರಿಗಿಂತ ಬಹಳ ಹೆಚ್ಚು. ಸಹೋದ್ಯೋಗಿಯ ಮಗನಿಗೆ ಇದೇ ಆಪರೇಷನ್ ಆಯಿತು, ಈಗ ಬೇಸ್‌ಬಾಲ್ ಆಡುತ್ತಾನೆ. ಮೆನಿಸ್ಕಸ್‌ಗೆ ಇಲ್ಲಿನ ಹೆಸರು ‘ಹಂಗೆತ್ಸುಬಾನ್’, ಅರ್ಧಚಂದ್ರದ ಹಲಗೆ. ಡಿಸ್ಕಾಯ್ಡ್‌ಗೆ ‘ಬಿಲ್ಲೆಯಾಕಾರದ ಅರ್ಧಚಂದ್ರ’ ಎನ್ನುತ್ತಾರೆ. ಬಿಲ್ಲೆಯಾದ ಮೇಲೆ ಅರ್ಧಚಂದ್ರ ಹೇಗಾಯಿತು ಎಂದು ಕೇಳಿದರೆ ನಗುತ್ತಾರೆ.

ಮಂಡಿಯ ದೂರ್ಬೀನಿನ ಕಥೆಯೂ ಇಲ್ಲಿಯದೇ. 1918ರಲ್ಲಿ ತಕಾಗಿ ಎಂಬವರು ಮೂತ್ರಕೋಶ ನೋಡುವ ನಳಿಕೆಯನ್ನು ಶವದ ಮಂಡಿಯೊಳಗೆ ಇಳಿಸಿ ನೋಡಿದರು. ಅವರ ಶಿಷ್ಯ ವತನಾಬೆ 1962ರಲ್ಲಿ ಟೋಕಿಯೊದಲ್ಲಿ ದೂರ್ಬೀನಿನ ಮೂಲಕವೇ ಮೆನಿಸ್ಕಸ್‌ನ ಹರಿದ ಭಾಗವನ್ನಷ್ಟೇ ಕತ್ತರಿಸಿ ತೆಗೆದರು.

ಕಬಡ್ಡಿ84 · ಬೆಳಿಗ್ಗೆ 6:30

1962. ಇದನ್ನೂ ನನಗೆ ಹೇಳಬಾರದಿತ್ತು.

ಎಲುಬುಗೂಡು · ಬೆಳಿಗ್ಗೆ 7:15

ಗ್ರೀಕಿನಲ್ಲಿಯೂ ಮೆನಿಸ್ಕಸ್ ಎಂದರೆ ಪುಟ್ಟ ಚಂದ್ರ ಎಂದೇ ಅರ್ಥ. ಕುಂದಾಪುರದ ಹುಡುಗಿಗೆ ಬಿದಿಗೆಯ ಚಂದ್ರನ ಬದಲು ಹುಣ್ಣಿಮೆ ಬಂದಿದೆ.

ವಿಮೆ ವಾಸು · ಬೆಳಿಗ್ಗೆ 10:10

ಯಾರೂ ಹಣದ ಮಾತೆತ್ತಲಿಲ್ಲ. ಆರೋಗ್ಯ ವಿಮೆಯಿದ್ದರೆ ಈಗಲೇ ಪಾಲಿಸಿ ಓದಿ. ‘ಹುಟ್ಟಿನಿಂದ ಬಂದದ್ದು’ ಎಂಬ ಒಂದು ಪದ ಕಂಡೊಡನೆ ಕ್ಲೇಮು ತಳ್ಳಿಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಜನ್ಮಜಾತ ದೋಷವನ್ನು ವಿಮಾ ನಿಯಮಗಳು ಎರಡಾಗಿ ನೋಡುತ್ತವೆ. ದೇಹದ ಹೊರಗೆ ಕಣ್ಣಿಗೆ ಕಾಣುವುದು ಒಂದು, ಒಳಗಿರುವುದು ಇನ್ನೊಂದು. ಮೆನಿಸ್ಕಸ್ ಮಂಡಿಯ ಒಳಗಿದೆ, ಆದ್ದರಿಂದ ಒಳಗಿನದು. ತಿರಸ್ಕರಿಸಿದರೆ ಈ ವ್ಯತ್ಯಾಸವನ್ನು ಹಿಡಿದು ಲಿಖಿತವಾಗಿ ಪ್ರಶ್ನಿಸಿ. ಕಾಯುವ ಅವಧಿ ಮುಗಿದಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಚೆಂಡೆಮದ್ದಳೆ · ಬೆಳಿಗ್ಗೆ 10:45

ನಾನು ಮೊದಲು ಹೇಳಿದ್ದನ್ನು ಯಾರೂ ಗಮನಿಸಲಿಲ್ಲ. ಮಂಡಿ ಹಾಕಿದ್ದರಿಂದಲೇ ಇದು ಬಂತು.

ಶಾಂತಲಾ ಫಿಸಿಯೋ · ಬೆಳಿಗ್ಗೆ 11:20

ಮಂಡಿ ಹಾಕಿದ್ದರಿಂದ ಬಿಲ್ಲೆ ಹುಟ್ಟುವುದಿಲ್ಲ. ಇದ್ದ ಬಿಲ್ಲೆಗೆ ಏಟು ಬಿದ್ದಿರಬಹುದು. ಮೆಟ್ಟಿಲಿಳಿದವರಿಗೂ, ಕುಂಟೆಬಿಲ್ಲೆ ಆಡಿದವರಿಗೂ ಹೀಗೇ ಶುರುವಾದದ್ದನ್ನು ನೋಡಿದ್ದೇನೆ. ಮಗುವಿನ ಗುರುಗಳನ್ನು ದೂರಬೇಡಿ.

ಚೆಂಡೆಮದ್ದಳೆ · ಬೆಳಿಗ್ಗೆ 11:26

ದೂರುತ್ತಿಲ್ಲ ಮೇಡಂ. ಹಿಂದೆ ಮಂಡಿ ಹಾಕುವುದಕ್ಕೆ ಸಂದರ್ಭವಿತ್ತು, ವೀರರಸ ಏರಿದಾಗ ನಾಲ್ಕು ಸುತ್ತು. ಈಗ ಪ್ರವೇಶಕ್ಕೂ ಮಂಡಿ, ನಿರ್ಗಮನಕ್ಕೂ ಮಂಡಿ.

ತೆಂಕಣ ಗಾಳಿ · ಬೆಳಿಗ್ಗೆ 11:40

ಅದಕ್ಕೇ ಹೇಳುವುದು, ದಕ್ಷಿಣದ ತೆಂಕುತಿಟ್ಟಿಗೆ ಬನ್ನಿ.

ಚೆಂಡೆಮದ್ದಳೆ · ಬೆಳಿಗ್ಗೆ 11:43

ಗಿರಗಿರ ಹಾರಿ ಸುತ್ತುವ ಧೀಂಗಿಣ ಹೊಡೆದು ಹೊಡೆದು ನಿಮ್ಮವರ ಮಂಡಿಗಳೇನು ಹೂವಿನ ಹಾಸಿಗೆಯ ಮೇಲಿವೆಯೇ? ಎಣಿಸಲು ಕೂರುವ ಪ್ರೇಕ್ಷಕರೂ ನಿಮ್ಮವರೇ, ನೂರಾಯಿತು ನೂರೈದಾಯಿತು ಎಂದು.

ನಿರ್ವಾಹಕ · ಮಧ್ಯಾಹ್ನ 12:05

ತೆಂಕು ಬಡಗಿನ ಜಗಳಕ್ಕೆ ಈಗಾಗಲೇ ಒಂದು ಎಳೆ ಇದೆ. ದಯವಿಟ್ಟು ಅಲ್ಲಿಗೆ ಹೋಗಿ.

ಶಾಂತಲಾ ಫಿಸಿಯೋ · ಸಂಜೆ 4:30

ಆಪರೇಷನ್ ನಿಶ್ಚಯವಾದರೆ ಮೊದಲೇ ಮಾಡಿಕೊಳ್ಳಬೇಕಾದ ತಯಾರಿ ಹೇಳುತ್ತೇನೆ. ಹೊಲಿಗೆ ಬಿದ್ದರೆ ನಾಲ್ಕರಿಂದ ಆರು ವಾರ ಊರುಗೋಲು, ಪಟ್ಟಿ, ಮಂಡಿಯನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸುವಂತಿಲ್ಲ. ಅಂದರೆ ನೆಲದ ಮೇಲೆ ಊಟಕ್ಕೆ ಕೂರುವಂತಿಲ್ಲ, ಕುಕ್ಕರಗಾಲಿನ ಶೌಚಾಲಯ ಆಗುವುದಿಲ್ಲ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ನಡು ತೆರೆದ ಕುರ್ಚಿ ತಂದಿಡಿ. ಶಾಲೆಯಲ್ಲೂ ವಿಚಾರಿಸಿ. ಎಷ್ಟೋ ಮಕ್ಕಳು ಶೌಚಾಲಯದ ಭಯಕ್ಕೆ ಇಡೀ ದಿನ ನೀರು ಕುಡಿಯದೆ ಬರುತ್ತಾರೆ, ಯಾರಿಗೂ ಹೇಳುವುದಿಲ್ಲ.

ತೊಡೆಯ ಮುಂದಿನ ಸ್ನಾಯು ಮೂರೇ ವಾರದಲ್ಲಿ ಸೊರಗುತ್ತದೆ. ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಅದನ್ನು ಒತ್ತುವ ವ್ಯಾಯಾಮವನ್ನು ಈಗಲೇ ಕಲಿಸಿ, ನೋವಿಲ್ಲದಷ್ಟು ಮಾತ್ರ.

ಗಿರಿಜಕ್ಕ ತೀರ್ಥಹಳ್ಳಿ · ಸಂಜೆ 6:15

ಎಳೆಸುವ ಮಾತು ವಾಪಸ್ ತೆಗೆದುಕೊಂಡೆ. ಭಾವನ ಮಗನನ್ನು ಇಂದು ಫೋನಿನಲ್ಲಿ ವಿಚಾರಿಸಿದೆ. ಅವನದು ಮಂಡಿಯೇ ಅಲ್ಲವಂತೆ, ಪಾದದ ಉಳುಕಂತೆ. ಮಗುವಿಗೆ ಒಳ್ಳೆಯದಾಗಲಿ.

ದಾವಣಗೆರೆ ಬೆಣ್ಣೆ · ಸಂಜೆ 6:40

ಒಂದು ಅನುಮಾನ. ಪೂರ್ತಿ ಹೋದವರಿಗೆ ಹೊಸ ಮೆನಿಸ್ಕಸ್ ಹಾಕಲು ಬರುವುದಿಲ್ಲವೇ?

ಎಲುಬುಗೂಡು · ರಾತ್ರಿ 9:25

ಬರುತ್ತದೆ. ಮೃತ ದಾನಿಯ ಮೆನಿಸ್ಕಸ್ಸನ್ನು ಕೂರಿಸುವ ಕೆಲಸ 1984ರಲ್ಲಿ ಜರ್ಮನಿಯಲ್ಲಿ ಶುರುವಾಯಿತು. (ಮಂಡ್ಯದ ಸರ್, ಕ್ಷಮಿಸಿ, ಇಸವಿ ಅದೇ.) ಅಳತೆ ಹೊಂದಬೇಕು, ಮೂಳೆ ಇನ್ನೂ ಸವೆದಿರಬಾರದು, ಕಾಲು ನೆಟ್ಟಗಿರಬೇಕು. ಎಲ್ಲರಿಗೂ ಆಗುವ ಮಾತಲ್ಲ. ಇರುವುದನ್ನು ಉಳಿಸಿಕೊಳ್ಳುವುದೇ ಸುಲಭ.

ಕುಂದಾಪುರದವ · ಎರಡು ತಿಂಗಳ ನಂತರ, ಭಾನುವಾರ ರಾತ್ರಿ 8:10

ಎಲ್ಲರಿಗೂ ಉತ್ತರಿಸದೆ ಮಾಯವಾಗಿದ್ದಕ್ಕೆ ಬೈಯಬೇಡಿ. ಆಪರೇಷನ್ ಆಗಿ ಏಳು ವಾರವಾಯಿತು.

ಮೂರನೆಯ ಸರ್ಜನ್ನರ ಬಳಿ ಹೋದೆವು. ಮಂಡಿ ಮುಟ್ಟುವ ಮೊದಲೇ ಅವಳನ್ನು ಬೋರಲು ಮಲಗಿಸಿ ಹಿಮ್ಮಡಿ ನೋಡಿದರು, ನಮಗೆ ಆಗಲೇ ಅರ್ಧ ಧೈರ್ಯ ಬಂತು. ಅಂಚಿನ ಪ್ರಶ್ನೆ ಕೇಳಿದೆ. ಸಿಡುಕಲಿಲ್ಲ, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು.

ಆಪರೇಷನ್ನಿನ ವೀಡಿಯೊವನ್ನು ಆಮೇಲೆ ಕೊಟ್ಟರು. ನಾನು ನೋಡಲಾರೆ ಎಂದುಕೊಂಡಿದ್ದೆ, ಮಗಳೇ ಪಕ್ಕದಲ್ಲಿ ಕುಳಿತು ನೋಡಿಸಿದಳು. ನೀರಿನೊಳಗೆ ಬೆಳ್ಳಗಿನ ದಪ್ಪ ಚಪ್ಪಡಿ, ಎರಡು ಮೂಳೆಗಳ ನಡುವೆ ಬೇರೇನೂ ಕಾಣುವುದಿಲ್ಲ. ಅಡಕತ್ತರಿಯ ಬಾಯಿಯಂಥ ಪುಟ್ಟ ಉಪಕರಣವೊಂದು ಬಂದು ನಡುವಿನಿಂದ ಚೂರು ಚೂರೇ ಕಚ್ಚಿ ತೆಗೆಯುತ್ತದೆ. ಚೂರುಗಳು ನೀರಿನಲ್ಲಿ ತೇಲುತ್ತವೆ, ಇನ್ನೊಂದು ನಳಿಕೆ ಅವನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಕೆಳಗಿನ ಮೂಳೆಯ ಹೊಳಪು ಕಂಡಿತು. ಕೊಕ್ಕೆಯ ತುದಿಯನ್ನೇ ಅಳತೆಗೋಲು ಮಾಡಿ ಅಂಚು ಅಳೆದರು, 7 ಮಿಲಿಮೀಟರ್. ಅದೇ ಕೊಕ್ಕೆಯಿಂದ ಮುಂದಿನ ಅಂಚನ್ನು ಎಳೆದಾಗ ಅದು ಸಡಿಲ ಪರದೆಯಂತೆ ಎದ್ದುಬಂತು. ಅಲ್ಲಿಗೆ ಹೊರಗಿನಿಂದ ಸೂಜಿ ತೂರಿಸಿ ಎರಡು ಹೊಲಿಗೆ. ಬಲ ಮಂಡಿಯಲ್ಲೂ ಹೀಗೇ ಇರಬಹುದು, ಆದರೆ ತೊಂದರೆ ಕೊಡುವವರೆಗೆ ಅದರ ಸುದ್ದಿಗೆ ಹೋಗುವುದು ಬೇಡ ಎಂದರು.

ನಿನ್ನೆ ಮತ್ತೆ ಊಟದ ಮೇಜಿನ ಮೇಲೆ ಮಲಗಿಸಿದೆವು. ಎರಡೂ ಹಿಮ್ಮಡಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ‘ಟಕ್’ ಇಲ್ಲ. ಗೆಳತಿಯರಿಗೆ ತೋರಿಸಲು ಏನೂ ಉಳಿಯಲಿಲ್ಲ ಎಂದು ಅವಳಿಗೆ ಸ್ವಲ್ಪ ಬೇಸರ.

ವಿಮೆಯವರು ಮೊದಲು ತಿರಸ್ಕರಿಸಿದರು. ವಾಸು ಅವರು ಹೇಳಿದಂತೆ ಬರೆದು ಕಳಿಸಿದೆವು, ಪರಿಶೀಲನೆಯಲ್ಲಿದೆ.

ಲೆಕ್ಕಪತ್ರ · ರಾತ್ರಿ 8:25

ಸಂತೋಷವಾಯಿತು. ನನ್ನ ಮೊದಲ ಉತ್ತರವನ್ನು ಅಳಿಸುವುದಿಲ್ಲ, ಆದರೆ ಅದು ಈ ಮಗುವಿನ ಮಂಡಿಗೆ ಬರೆದದ್ದಲ್ಲ ಎಂದು ಒಪ್ಪುತ್ತೇನೆ.

ಕಬಡ್ಡಿ84 · ರಾತ್ರಿ 8:40

7 ಮಿಲಿಮೀಟರ್. ಬರೆದಿಟ್ಟುಕೊಳ್ಳಿ, ವರದಿಯನ್ನು ಕಳೆದುಕೊಳ್ಳಬೇಡಿ. ಬೆಳೆಯುವವರೆಗೆ ವರ್ಷಕ್ಕೊಮ್ಮೆ ತೋರಿಸುತ್ತಿರಿ.

ಎಲುಬುಗೂಡು · ರಾತ್ರಿ 11:50

ಈಗ ಡ್ಯೂಟಿ ಮುಗಿಯಿತು. ಬಹಳ ಖುಷಿ ಸರ್. ಓಟ, ಕುಣಿತಕ್ಕೆ ನಾಲ್ಕರಿಂದ ಆರು ತಿಂಗಳು ಎಂದಿರಬೇಕಲ್ಲ?

ಕುಂದಾಪುರದವ · ಸೋಮವಾರ, ಬೆಳಿಗ್ಗೆ 6:50

ಹೌದು. ಓಟ ನಾಲ್ಕು ತಿಂಗಳಿಗೆ, ಕುಣಿತ ಆರಕ್ಕೆ. ಮಂಡಿ ಹಾಕುವ ವಿಷಯ ಆಮೇಲೆ ಮಾತಾಡೋಣ ಎಂದರು. ಅವಳು ಆ ‘ಆಮೇಲೆ’ ಯಾವ ತಿಂಗಳು ಎಂದು ದಿನಾ ಕೇಳುತ್ತಾಳೆ.

ಚೆಂಡೆಮದ್ದಳೆ · ಬೆಳಿಗ್ಗೆ 7:05

ಅಲ್ಲಿಯವರೆಗೆ ಅರ್ಥಗಾರಿಕೆ ಕಲಿಯಲಿ. ತಾಳಮದ್ದಳೆಗೆ ಮಂಡಿ ಬೇಡ.

ಕುಂದಾಪುರದವ · ಬೆಳಿಗ್ಗೆ 7:09

ಅದಕ್ಕೂ ಚಕ್ಕಳಮಕ್ಕಳ ಹಾಕಿ ಕೂರಬೇಕಲ್ಲ ಮಾರಾಯರೇ.

ಚೆಂಡೆಮದ್ದಳೆ · ಬೆಳಿಗ್ಗೆ 7:10

ಕುರ್ಚಿ ಹಾಕಿಸಿಕೊಡುತ್ತೇನೆ.